ಆಫೀಸು ಬಿಡದೆ ಧ್ಯಾನ ಕಲಿಸಿದ ಎ.ಜಿ. ಸಾಹೇಬರು: ಬರ್ಮಾದ ಊ ಬಾ ಖಿನ್ ಬದುಕಿನ ಕಥೆ

ಧ್ಯಾನ ಅಂದ ಕೂಡಲೇ ನಮ್ಮಲ್ಲಿ ಬಹಳ ಜನ ಹೇಳುವ ಮಾತು ಒಂದೇ: ಅದೆಲ್ಲಾ ಬಿಡುವಿದ್ದವರಿಗೆ. ಬೆಳಿಗ್ಗೆ ಶಟರ್ ಎತ್ತಿದರೆ ರಾತ್ರಿ ಇಳಿಸುವವರೆಗೂ ಗಲ್ಲಾ ಬಿಟ್ಟು ಏಳೋಕಾಗಲ್ಲ, ನಡುವೆ ಚೀಟಿ ದುಡ್ಡು, ಜಿಎಸ್‌ಟಿ, ಮಕ್ಕಳ ಫೀಸು. ಇಷ್ಟರ ಮಧ್ಯೆ ಕಣ್ಣು ಮುಚ್ಚಿ ಕೂರೋದು ಯಾವಾಗ ಅನ್ನೋ ಪ್ರಶ್ನೆ ಸುಳ್ಳೇನಲ್ಲ.

ಇದೇ ಪ್ರಶ್ನೆಗೆ ತಮ್ಮ ಬದುಕನ್ನೇ ಉತ್ತರವಾಗಿ ಇಟ್ಟವರು ಒಬ್ಬರಿದ್ದರು. ಅವರು ಕಾವಿ ಉಟ್ಟವರಲ್ಲ, ಗುಹೆ ಹುಡುಕಿಕೊಂಡು ಹೋದವರೂ ಅಲ್ಲ. ಹೆಂಡತಿ ಮಕ್ಕಳಿದ್ದ ಸಂಸಾರಿ, ಸರ್ಕಾರಿ ನೌಕರ. ಒಂದು ದೇಶದ ಇಡೀ ಲೆಕ್ಕಪತ್ರ ಅವರ ಮೇಜಿನ ಮೇಲಿತ್ತು. ಒಂದು ಹೊತ್ತಿನಲ್ಲಿ ಮೂರು ಇಲಾಖೆ, ಮತ್ತೊಂದು ಹೊತ್ತಿನಲ್ಲಿ ನಾಲ್ಕು ಇಲಾಖೆಗಳ ಮುಖ್ಯಸ್ಥರಾಗಿ ಒಟ್ಟಿಗೇ ಕೆಲಸ ಮಾಡಿದವರು. ಅದರ ಜೊತೆಗೇ ಗುಮಾಸ್ತರಿಗೆ, ವ್ಯಾಪಾರಿಗಳಿಗೆ, ವಿದೇಶಿಯರಿಗೆ ಹತ್ತು ದಿನದ ವಿಪಶ್ಯನಾ ಶಿಬಿರ ನಡೆಸಿದವರು. ಅವರೇ ಬರ್ಮಾದ, ಅಂದರೆ ಈಗಿನ ಮ್ಯಾನ್ಮಾರ್‌ನ, ಸಯಾಜಿ ಊ ಬಾ ಖಿನ್. ಬರ್ಮಾ ಭಾಷೆಯಲ್ಲಿ ಊ ಅಂದರೆ ನಮ್ಮ ಶ್ರೀ ಇದ್ದ ಹಾಗೆ. ಸಯಾಜಿ ಅಂದರೆ ದೊಡ್ಡ ಗುರುಗಳು.

ಚಿನ್ನದ ಪದಕ ಬಂತು, ಓದು ನಿಂತಿತು

ಊ ಬಾ ಖಿನ್ ಹುಟ್ಟಿದ್ದು 1899ರ ಮಾರ್ಚ್ 6ರಂದು, ರಂಗೂನ್ ಪಟ್ಟಣದಲ್ಲಿ. ಆಗ ಬರ್ಮಾ ಬ್ರಿಟಿಷರ ಕೈಯಲ್ಲಿತ್ತು, ಬ್ರಿಟಿಷ್ ಇಂಡಿಯಾದ್ದೇ ಒಂದು ಪ್ರಾಂತ್ಯವಾಗಿತ್ತು. ದುಡಿಯೋ ಜನರೇ ಇದ್ದ ಬಡಾವಣೆ, ಕಡಿಮೆ ಆದಾಯದ ಮನೆ. ಇಬ್ಬರು ಮಕ್ಕಳಲ್ಲಿ ಇವರೇ ಚಿಕ್ಕವರು. ಮೊದಲು ಮೆಥಡಿಸ್ಟ್ ಮಿಷನರಿಗಳ ಶಾಲೆ, ಆಮೇಲೆ ಸೇಂಟ್ ಪಾಲ್ಸ್ ಹೈಸ್ಕೂಲು.

ಓದಿನಲ್ಲಿ ಹುಡುಗ ಚುರುಕು. 1917ರಲ್ಲಿ ಹೈಸ್ಕೂಲಿನ ಕೊನೆ ಪರೀಕ್ಷೆ ಪಾಸಾದಾಗ ಚಿನ್ನದ ಪದಕವೂ ಬಂತು, ಕಾಲೇಜಿಗೆ ಸ್ಕಾಲರ್‌ಶಿಪ್ಪೂ ಸಿಕ್ಕಿತು. ಆದರೆ ಮನೆ ಪರಿಸ್ಥಿತಿ ಕಾಲೇಜಿಗೆ ಕಳಿಸುವ ಹಾಗಿರಲಿಲ್ಲ. ದುಡಿಯಲೇಬೇಕಿತ್ತು. ಸ್ಕಾಲರ್‌ಶಿಪ್ ಕೈಬಿಟ್ಟು ಹದಿನೆಂಟರ ಹುಡುಗ ಕೆಲಸಕ್ಕೆ ಹೊರಟ. ಡಿಗ್ರಿ ಅನ್ನೋದು ಅವರ ಹೆಸರಿನ ಮುಂದೆ ಬರಲೇ ಇಲ್ಲ.

ಮೊದಲ ಕೆಲಸ ಒಂದು ಬರ್ಮಾ ಪತ್ರಿಕೆಯಲ್ಲಿ. ಸ್ವಲ್ಪ ದಿನದ ಮೇಲೆ ಬರ್ಮಾದ ಎ.ಜಿ. ಆಫೀಸಿಗೆ, ಅಂದರೆ ಮಹಾಲೇಖಪಾಲರ ಕಚೇರಿಗೆ, ಲೆಕ್ಕದ ಗುಮಾಸ್ತರಾಗಿ ಸೇರಿದರು. ಆ ಕಾಲದಲ್ಲಿ ಅಂಥ ಕಚೇರಿಗಳಲ್ಲಿ ಇಂಗ್ಲಿಷರು ಮತ್ತು ಭಾರತದಿಂದ ಹೋದವರೇ ಹೆಚ್ಚು, ಬರ್ಮಾದವರು ಕಡಿಮೆ. ಅಲ್ಲಿಂದಲೇ ಒಂದೊಂದೇ ಮೆಟ್ಟಿಲು ಹತ್ತಿದರು. 1926ರಲ್ಲಿ ಅಕೌಂಟ್ಸ್ ಸರ್ವಿಸ್ ಪರೀಕ್ಷೆಯನ್ನೂ ಪಾಸು ಮಾಡಿದರು. ಹಗಲು ಕೆಲಸ, ಮಿಕ್ಕ ಹೊತ್ತಿನಲ್ಲಿ ಓದು. ಪರೀಕ್ಷೆ ಕಟ್ಟಿ ಮೇಲೆ ಬಂದ ಯಾವುದೇ ಗುಮಾಸ್ತನ ಕಥೆ ಹೇಗಿರುತ್ತೋ ಇದೂ ಹಾಗೇ.

1937ರ ಜನವರಿ: ಬದುಕು ತಿರುಗಿದ ವಾರ

1937ರ ಜನವರಿ 1. ಊ ಬಾ ಖಿನ್‌ಗೆ ಆಗ 37 ವರ್ಷ. ಅವರನ್ನು ನೋಡೋಕೆ ಬಂದ ಪರಿಚಯದವರೊಬ್ಬರು ಆನಾಪಾನ ಅನ್ನೋ ಅಭ್ಯಾಸದ ಬಗ್ಗೆ ಹೇಳಿದರು. ಉಸಿರು ಒಳಗೆ ಬರೋದನ್ನ, ಹೊರಗೆ ಹೋಗೋದನ್ನ ಸುಮ್ಮನೆ ಗಮನಿಸೋದು, ಅಷ್ಟೇ. ಕೂತು ನೋಡಿದರು. ಮನಸ್ಸು ಅಷ್ಟು ಬೇಗ ಒಂದು ಕಡೆ ನಿಲ್ಲುತ್ತೆ ಅಂತ ಅವರೇ ಅಂದುಕೊಂಡಿರಲಿಲ್ಲ.

ಅದರ ರುಚಿ ಹತ್ತಿದ ಮೇಲೆ ತಡೆಯಲಾಗಲಿಲ್ಲ. ಒಂದೇ ವಾರದಲ್ಲಿ ರಂಗೂನ್ ನದಿಯಾಚೆಗಿದ್ದ ಒಂದು ಹಳ್ಳಿಗೆ ಹೊರಟೇಬಿಟ್ಟರು. ಅಲ್ಲಿದ್ದರು ಸಯಾ ತೆಟ್‌ಜೀ ಅನ್ನೋ ಗುರು. ಆದರೆ ಸರ್ಕಾರಿ ನೌಕರ ಹಾಗೆ ದಿಢೀರ್ ಅಂತ ಎದ್ದು ಹೋದರೆ ಏನಾಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ನೌಕರಿಗೇ ಕುತ್ತು ಬರಬಹುದಿತ್ತು. ಅವರಿಗೂ ಆ ಭಯ ಇತ್ತು, ಆದರೂ ಹೋದರು.

ಶಿಬಿರ ಮುಗಿಸಿ ಆಫೀಸಿಗೆ ವಾಪಸ್ ಬಂದಾಗ ಮೇಜಿನ ಮೇಲೆ ಒಂದು ಲಕೋಟೆ ಕಾದಿತ್ತಂತೆ. ಕೆಲಸ ಹೋಯ್ತು ಅಂತಲೇ ಅಂದುಕೊಂಡು ಒಡೆದು ನೋಡಿದರೆ, ಒಳಗಿದ್ದದ್ದು ಬಡ್ತಿಯ ಆದೇಶ. ಆ ವರ್ಷವೇ ಬರ್ಮಾ ಭಾರತದಿಂದ ಬೇರೆಯಾಗುತ್ತಿತ್ತು, ಹೊಸ ಆಡಿಟರ್ ಜನರಲ್ ಕಚೇರಿ ಶುರುವಾಗುತ್ತಿತ್ತು. ಅಲ್ಲಿಗೆ ವಿಶೇಷ ಕಚೇರಿ ಸೂಪರಿಂಟೆಂಡೆಂಟ್ ಆಗಿ ಇವರನ್ನೇ ಆರಿಸಿದ್ದರು. ಈ ಪ್ರಸಂಗವನ್ನು ಅವರ ಶಿಷ್ಯರು ಇವತ್ತಿಗೂ ಹೇಳ್ತಾರೆ. ಧ್ಯಾನ ಮಾಡಿದರೆ ಪ್ರಮೋಷನ್ ಸಿಗುತ್ತೆ ಅಂತ ಇದರ ಅರ್ಥ ಅಲ್ಲ. ಕೆಲಸ ಹೋದರೂ ಹೋಗಲಿ ಅಂತ ಒಬ್ಬ ಬಡ ಮನೆಯ ನೌಕರ ಗಟ್ಟಿ ಮನಸ್ಸು ಮಾಡಿದನಲ್ಲ, ಗಮನಿಸಬೇಕಾದ್ದು ಅದನ್ನ.

ಗುರು ಒಬ್ಬ ರೈತ

ಸಯಾ ತೆಟ್‌ಜೀ ಕೂಡ ಸನ್ಯಾಸಿಯಲ್ಲ, ಗದ್ದೆ ಇದ್ದ ರೈತ. 1873ರಲ್ಲಿ ಹುಟ್ಟಿದವರು. 1903ರಲ್ಲಿ ಹಳ್ಳಿಗೆ ಕಾಲರಾ ಬಡಿದು ಅವರ ಮಕ್ಕಳು, ನೆಂಟರು ಕಣ್ಣೆದುರೇ ಹೋಗಿಬಿಟ್ಟರು. ಆ ದುಃಖ ತಡೆಯಲಾರದೆ ಮನೆ ಬಿಟ್ಟು, ಸಾವನ್ನು ಮೀರಿದ್ದು ಏನಾದರೂ ಇದೆಯಾ ಅಂತ ಹುಡುಕುತ್ತಾ ಲೇಡಿ ಸಯಾಡೊ ಅನ್ನೋ ದೊಡ್ಡ ಬೌದ್ಧ ಭಿಕ್ಷುವಿನ ಹತ್ತಿರ ಹೋದರು. ವರ್ಷಗಟ್ಟಲೆ ಕಲಿತು, ವಾಪಸ್ ಊರಿಗೆ ಬಂದು, ತಮ್ಮ ಸುತ್ತಲಿದ್ದ ರೈತಾಪಿ ಜನಕ್ಕೇ ಕಲಿಸೋಕೆ ಶುರುಮಾಡಿದರು.

ಲೇಡಿ ಸಯಾಡೊ ಅವರದ್ದೂ ಇದರಲ್ಲಿ ದೊಡ್ಡ ಪಾಲಿದೆ. ಅದುವರೆಗೆ ವಿಪಶ್ಯನಾ ಅಭ್ಯಾಸ ಹೆಚ್ಚಾಗಿ ಭಿಕ್ಷುಗಳ ನಡುವೆಯೇ ಇತ್ತು. ಸಂಸಾರಸ್ಥರೂ ಮಾಡಬಹುದು, ಸಂಸಾರಸ್ಥರೇ ಕಲಿಸಲೂಬಹುದು ಅಂತ ಬಾಗಿಲು ತೆರೆದವರಲ್ಲಿ ಅವರು ಮುಖ್ಯರು. ಆ ಬಾಗಿಲಿನಿಂದ ಮೊದಲು ಒಬ್ಬ ರೈತ ಒಳಗೆ ಬಂದ, ಅವನ ಹಿಂದೆ ಒಬ್ಬ ಗುಮಾಸ್ತ ಬಂದ.

ರೈಲು ಬೋಗಿಯಲ್ಲಿ ಮೊದಲ ಪಾಠ

1941ರ ಹೊತ್ತಿಗೆ ಊ ಬಾ ಖಿನ್ ಬರ್ಮಾ ರೈಲ್ವೆಯ ಲೆಕ್ಕಾಧಿಕಾರಿ. ಸ್ಟೇಷನ್ನಿಂದ ಸ್ಟೇಷನ್ನಿಗೆ ಹೋಗಿ ಲೆಕ್ಕ ತಪಾಸಣೆ ಮಾಡೋ ಕೆಲಸ. ಓಡಾಟಕ್ಕೆ ಅವರಿಗೆಂದೇ ಒಂದು ಬೋಗಿ, ಅದರಲ್ಲೇ ಆಫೀಸು, ಅದರಲ್ಲೇ ಊಟ, ನಿದ್ದೆ.

ಆ ಜುಲೈಯಲ್ಲಿ ಮಾಂಡಲೆಗೆ ದಕ್ಷಿಣದ ಕ್ಯೌಕ್ಸೆ ಅನ್ನೋ ಸ್ಟೇಷನ್ನಿನಲ್ಲಿ ಅವರ ಬೋಗಿ ನಿಲ್ಲಬೇಕಾಗಿ ಬಂತು. ಬಿಡುವು ಸಿಕ್ಕಿತಲ್ಲ ಅಂತ ಅಲ್ಲಿನ ಬೆಟ್ಟ ಹತ್ತಿದರು. ಆ ಭಾಗದಲ್ಲಿ ವೆಬು ಸಯಾಡೊ ಅನ್ನೋ ಭಿಕ್ಷು ಇದ್ದರು, ಜನ ಅವರನ್ನು ಪೂರ್ಣ ಜ್ಞಾನ ಪಡೆದವರು ಅಂತಲೇ ನಂಬಿದ್ದರು. ಅವರ ದರ್ಶನ ಮಾಡಿ ತಮ್ಮ ಅಭ್ಯಾಸದ ಬಗ್ಗೆ ಹೇಳಿಕೊಂಡರು. ಕೇಳಿದ ವೆಬು ಸಯಾಡೊ, ನೀವು ಕಲಿತದ್ದನ್ನು ಬೇರೆಯವರಿಗೂ ಕಲಿಸಬೇಕು, ತಡಮಾಡಬೇಡಿ ಅಂತ ಹೇಳಿ ಕಳಿಸಿದರು.

ಸ್ಟೇಷನ್ನಿಗೆ ಇಳಿದು ಬಂದ ಊ ಬಾ ಖಿನ್ ಆ ಬೋಗಿಯೊಳಗೇ ರೈಲ್ವೆ ಸಿಬ್ಬಂದಿಗೆ ಮೊದಲ ಪಾಠ ಹೇಳಿದರು. ಆಶ್ರಮ ಇಲ್ಲ, ಹಾಲ್ ಇಲ್ಲ, ಊಟದ ಮೇಜಿದ್ದ ಜಾಗವೇ ಧ್ಯಾನದ ಕೋಣೆ. ಅಷ್ಟಾದರೂ ಗುರು ಅಂತ ಬೋರ್ಡು ಹಾಕಿಕೊಳ್ಳಲಿಲ್ಲ. ಕ್ರಮವಾಗಿ ಕಲಿಸೋದು ಶುರುವಾಗಿದ್ದು ಇನ್ನೂ ಸುಮಾರು ಹತ್ತು ವರ್ಷ ಕಳೆದ ಮೇಲೆ.

ಎ.ಜಿ. ಆಫೀಸಿನೊಳಗೆ ಧ್ಯಾನ

1948ರ ಜನವರಿ 4ಕ್ಕೆ ಬರ್ಮಾ ಸ್ವತಂತ್ರವಾಯಿತು. ಹೊಸ ದೇಶದ ಮೊದಲ ಮಹಾಲೇಖಪಾಲರಾಗಿ ನೇಮಕವಾದವರು ಊ ಬಾ ಖಿನ್. ಯಾವ ಆಫೀಸಿಗೆ ಗುಮಾಸ್ತರಾಗಿ ಸೇರಿದ್ದರೋ ಆ ಲೆಕ್ಕದ ಇಲಾಖೆಗೇ ದೊಡ್ಡ ಸಾಹೇಬರಾದರು. ಯುದ್ಧದಲ್ಲಿ ನಲುಗಿದ್ದ ದೇಶ, ಅನುಭವ ಇದ್ದ ನೌಕರರ ಕೊರತೆ. ಲೆಕ್ಕ, ಆಡಿಟ್ ಕಲಿಸುವ ಸರ್ಕಾರಿ ತರಬೇತಿ ಸಂಸ್ಥೆಯ ಪ್ರಾಂಶುಪಾಲರೂ ಆಗಿ ಹೊಸಬರನ್ನು ತಯಾರು ಮಾಡಿದರು.

1950ರಲ್ಲಿ ಅದೇ ಕಚೇರಿಯೊಳಗೆ ವಿಪಶ್ಯನಾ ಸಂಘ ಶುರುಮಾಡಿದರು. ಬಂದವರು ಹೆಚ್ಚಾಗಿ ಅಲ್ಲಿನ ನೌಕರರೇ. 1952ರಲ್ಲಿ ರಂಗೂನಿನ ಪ್ರಸಿದ್ಧ ಶ್ವೇಡಗಾನ್ ಪಗೋಡಕ್ಕೆ ಎರಡು ಮೈಲಿ ಉತ್ತರಕ್ಕೆ ಅಂತರರಾಷ್ಟ್ರೀಯ ಧ್ಯಾನ ಕೇಂದ್ರ ತಲೆ ಎತ್ತಿತು. ದೊಡ್ಡ ಜಾಗವೇನಲ್ಲ. ನಡುವೆ ಒಂದು ಪಗೋಡ, ಅದರ ಮಧ್ಯದಲ್ಲಿ ಗುರುಗಳ ಕೋಣೆ, ಸುತ್ತಲೂ ಕೂತು ಧ್ಯಾನ ಮಾಡೋಕೆ ಪುಟ್ಟ ಪುಟ್ಟ ಕೋಣೆಗಳು. ಪ್ರತಿ ತಿಂಗಳೂ ಹತ್ತು ದಿನದ ಶಿಬಿರ. ಬೆಳಗಿನ ಜಾವ ಮತ್ತು ಸಂಜೆ ಕೇಂದ್ರದಲ್ಲಿ ಶಿಷ್ಯರ ಜೊತೆ, ಹಗಲೆಲ್ಲಾ ಆಫೀಸಿನಲ್ಲಿ ಫೈಲುಗಳ ಜೊತೆ. ಇದೇ ಅವರ ದಿನಚರಿ.

ಅದೇ 1952ರಲ್ಲಿ ರಂಗೂನಿನ ಮೆಥಡಿಸ್ಟ್ ಚರ್ಚಿನಲ್ಲಿ ವಿದೇಶಿಯರ ಒಂದು ಗುಂಪಿಗೆ ಬೌದ್ಧ ಧರ್ಮದ ಬಗ್ಗೆ ಉಪನ್ಯಾಸ ಕೊಟ್ಟರು. ಚಿಕ್ಕಂದಿನಲ್ಲಿ ಮೆಥಡಿಸ್ಟ್ ಶಾಲೆಯಲ್ಲಿ ಓದಿದ ಹುಡುಗ ಮೆಥಡಿಸ್ಟರ ಚರ್ಚಿನಲ್ಲೇ ಬುದ್ಧನ ಮಾತು ವಿವರಿಸುವಂತಾಯಿತು. ಆ ಉಪನ್ಯಾಸಗಳು ಆಮೇಲೆ ಪುಸ್ತಕವಾಗಿ ಬಂದವು.

1954ರಿಂದ 1956ರವರೆಗೆ ರಂಗೂನಿನಲ್ಲಿ ಆರನೇ ಬೌದ್ಧ ಮಹಾಸಂಗೀತಿ ನಡೆಯಿತು. ಹಲವು ದೇಶದ ಭಿಕ್ಷುಗಳು ಸೇರಿ ತ್ರಿಪಿಟಕವನ್ನು ಮತ್ತೆ ಪರಿಶೀಲಿಸಿದ ದೊಡ್ಡ ಸಭೆ ಅದು. ದಾನವಾಗಿ ಬರುತ್ತಿದ್ದ ಹಣದ ಲೆಕ್ಕ ನೋಡುವ ಗೌರವ ಲೆಕ್ಕ ಪರಿಶೋಧಕರಾಗಿದ್ದವರು ಊ ಬಾ ಖಿನ್. ಊರಿನ ಜಾತ್ರೆಯ ಹುಂಡಿ ಲೆಕ್ಕ ಯಾರ ಕೈಗೆ ಕೊಡಬೇಕು ಅಂತ ನಾಲ್ಕು ಜನ ಎಷ್ಟು ಯೋಚನೆ ಮಾಡ್ತಾರೆ ಅನ್ನೋದು ಗೊತ್ತಿರುವವರಿಗೆ, ಅವರ ಮೇಲೆ ಎಷ್ಟು ನಂಬಿಕೆ ಇತ್ತು ಅನ್ನೋದು ಇದರಲ್ಲೇ ಗೊತ್ತಾಗುತ್ತೆ.

ಹತ್ತೇ ದಿನ ಯಾಕೆ?

ತಿಂಗಳುಗಟ್ಟಲೆ ರಜೆ ಸಿಗದ ಜನಕ್ಕೆ ಕಲಿಸಬೇಕು ಅನ್ನೋದೇ ಅವರ ಮುಂದಿದ್ದ ಸವಾಲು. ಅದಕ್ಕೇ ಹತ್ತು ದಿನದಲ್ಲಿ ಅಭ್ಯಾಸದ ತಳಪಾಯ ಗಟ್ಟಿಯಾಗುವಂತೆ ಕ್ರಮ ಕೂರಿಸಿದರು. ಹತ್ತು ದಿನವಾದರೂ ಅರ್ಧಂಬರ್ಧ ಅಲ್ಲ, ಪೂರ್ತಿ ಕೊಡಬೇಕು.

ಮೊದಲು ಶೀಲ. ಕೊಲ್ಲಬಾರದು, ಕದಿಯಬಾರದು, ಕಾಮದ ವಿಷಯದಲ್ಲಿ ತಪ್ಪು ನಡೆಯಬಾರದು, ಸುಳ್ಳು ಹೇಳಬಾರದು, ಅಮಲು ಪದಾರ್ಥ ಮುಟ್ಟಬಾರದು. ಇದು ತಳಪಾಯ. ಆಮೇಲೆ ಆನಾಪಾನ. ಮೂಗಿನ ಹೊಳ್ಳೆಯ ಕೆಳಗೆ, ಮೇಲ್ದುಟಿಯ ಮೇಲೆ ಉಸಿರು ತಾಗುವ ಜಾಗದಲ್ಲಿ ಗಮನ ನಿಲ್ಲಿಸೋದು. ಮನಸ್ಸು ಸ್ವಲ್ಪ ಹದಕ್ಕೆ ಬಂದ ಮೇಲೆ ವಿಪಶ್ಯನಾ. ತಲೆಯಿಂದ ಕಾಲಿನವರೆಗೆ ಮೈಯಲ್ಲಿ ಏಳುವ ಬಿಸಿ, ನೋವು, ತುರಿಕೆ, ಜುಮ್ಮೆನ್ನುವುದು ಎಲ್ಲವನ್ನೂ ಬೇಕು ಬೇಡ ಅನ್ನದೆ ನೋಡುತ್ತಾ ಹೋಗೋದು. ಯಾವುದೂ ನಿಲ್ಲೋದಿಲ್ಲ, ಎಲ್ಲವೂ ಬಂದು ಹೋಗುತ್ತೆ. ಪಾಲಿ ಭಾಷೆಯಲ್ಲಿ ಇದಕ್ಕೆ ಅನಿಚ್ಚ ಅಂತಾರೆ, ನಮ್ಮ ಅನಿತ್ಯ. ಊ ಬಾ ಖಿನ್ ಅವರ ಪಾಠದ ತಿರುಳೇ ಈ ಅನಿಚ್ಚ. ಅದನ್ನು ಬಾಯಿಪಾಠ ಮಾಡಿದರೆ ಸಾಲದು, ಮೈಯಲ್ಲೇ ಕಾಣಬೇಕು ಅನ್ನುತ್ತಿದ್ದರು.

ಶಿಬಿರ ಮುಗಿದ ಮೇಲೆ ಮನೆಯಲ್ಲಿ ದಿನಾ ಕೂರಬೇಕು, ಆಗ ಮಾತ್ರ ಆಫೀಸಿನ ಗಲಾಟೆಯಲ್ಲೂ ಮನಸ್ಸು ಕೈಗೆ ಸಿಗುತ್ತೆ ಅನ್ನೋದು ಅವರ ಕಟ್ಟುನಿಟ್ಟು. ಗುರುಗಳೇನೂ ಸದಾ ಮುಗುಳ್ನಗುವ ಮೂರ್ತಿಯಲ್ಲ. ಶಿಸ್ತು ತಪ್ಪಿದರೆ ದೊಡ್ಡ ದನಿಯಲ್ಲಿ ಗದರುತ್ತಿದ್ದರು. ಗದರಿ ಮುಗಿದ ಕೂಡಲೇ ಅದೇ ಮನುಷ್ಯ ಮಗುವಿನ ಹಾಗೆ ನಗುತ್ತಿದ್ದರಂತೆ.

ಅಕ್ಕಿ ಮಂಡಳಿಯ ಹುಳುಕು

ಧ್ಯಾನ ಕಲಿಸುವವರು ಆಡಳಿತದಲ್ಲಿ ಮೆತ್ತಗಿರ್ತಾರೆ ಅಂತ ಅಂದುಕೊಂಡವರಿಗೆ ಉತ್ತರ 1956ರಲ್ಲಿ ಸಿಕ್ಕಿತು. ಆ ವರ್ಷ ಅವರನ್ನು ಸರ್ಕಾರಿ ಕೃಷಿ ಮಾರಾಟ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು. ಬರ್ಮಾದ ಭತ್ತ ಖರೀದಿ, ಅಕ್ಕಿ ರಫ್ತು ಎಲ್ಲಾ ಈ ಮಂಡಳಿಯ ಕೈಯಲ್ಲಿ. ದೇಶಕ್ಕೆ ಬರೋ ವಿದೇಶಿ ಹಣದ ದೊಡ್ಡ ಪಾಲು ಇಲ್ಲಿಂದಲೇ. ಅಕ್ಕಿ ಇದ್ದ ಕಡೆ ಹೆಗ್ಗಣವೂ ಇರುತ್ತೆ ಅನ್ನೋ ಹಾಗೆ, ಲಂಚ, ಸೋರಿಕೆ, ಸೋಮಾರಿತನ ಎಲ್ಲವೂ ಅಲ್ಲಿ ಬೇರು ಬಿಟ್ಟಿದ್ದವು.

ಇಂಥ ಅಧ್ಯಕ್ಷರು ಬೇಡ ಅಂತ ಮೇಲಧಿಕಾರಿಗಳೇ ಮುಷ್ಕರಕ್ಕೆ ಇಳಿದರು ಅಂತ ಶಿಷ್ಯ ಗೋಯೆಂಕಾ ನೆನಪು ಮಾಡಿಕೊಳ್ಳುತ್ತಿದ್ದರು. ಊ ಬಾ ಖಿನ್ ಸಂಧಾನಕ್ಕೂ ಹೋಗಲಿಲ್ಲ, ಕೂಗಾಡಲೂ ಇಲ್ಲ. ಕೆಳಗಿನ ಗುಮಾಸ್ತರನ್ನು ಜೊತೆಗಿಟ್ಟುಕೊಂಡು ಕೆಲಸ ನಡೆಸಿದರು. ತಾವಿಲ್ಲದೆಯೂ ಆಫೀಸು ನಡೆಯುತ್ತೆ ಅಂತ ಗೊತ್ತಾದ ಮೇಲೆ ಮುಷ್ಕರ ಹೂಡಿದವರೇ ತಣ್ಣಗೆ ವಾಪಸ್ ಬಂದರು. ಗುಮಾಸ್ತರಾಗಿಯೇ ಮೇಲೆ ಬಂದವರಿಗೆ ಗುಮಾಸ್ತರ ತಾಕತ್ತು ಗೊತ್ತಿತ್ತು. ಅವರ ಸೇವೆಗೆ ಬರ್ಮಾ ಸರ್ಕಾರ ತ್ರೇ ಸಿತು ಅನ್ನೋ ದೊಡ್ಡ ಬಿರುದನ್ನೂ ಕೊಟ್ಟಿತು.

ತಲೆನೋವಿನ ವ್ಯಾಪಾರಿ ಬಂದ

ಅವರ ಕಥೆ ಭಾರತಕ್ಕೆ ಸೇರೋದು ಒಬ್ಬ ವ್ಯಾಪಾರಿಯ ಮೂಲಕ. ಸತ್ಯನಾರಾಯಣ ಗೋಯೆಂಕಾ, 1924ರಲ್ಲಿ ಮಾಂಡಲೆಯಲ್ಲಿ ಹುಟ್ಟಿದ ಮಾರವಾಡಿ ಮನೆತನದವರು. ಚಿಕ್ಕ ವಯಸ್ಸಿಗೇ ದೊಡ್ಡ ವ್ಯವಹಾರ, ಸಮಾಜದಲ್ಲಿ ಹೆಸರು. ಜೊತೆಗೆ ಪ್ರಾಣ ಹಿಂಡುವ ಮೈಗ್ರೇನ್ ತಲೆನೋವು. ಮಾರ್ಫೀನ್ ಚುಚ್ಚಿಸಿಕೊಳ್ಳದೆ ಆಗುತ್ತಿರಲಿಲ್ಲ. ಹೊರದೇಶಗಳಿಗೆ ಹೋಗಿ ಡಾಕ್ಟರುಗಳಿಗೆ ತೋರಿಸಿದರೂ ಗುಣ ಕಾಣಲಿಲ್ಲ.

1955ರಲ್ಲಿ ಅವರು ಊ ಬಾ ಖಿನ್ ಹತ್ತಿರ ಬಂದರು. ತಲೆನೋವು ವಾಸಿ ಮಾಡಿಸಿಕೊಳ್ಳೋಕೆ ಬಂದಿದ್ದೀರಾದರೆ ಇದು ಆಸ್ಪತ್ರೆ ಅಲ್ಲ, ಮನಸ್ಸು ಶುದ್ಧ ಮಾಡಿಕೊಳ್ಳೋಕೆ ಬನ್ನಿ ಅಂತ ಗುರುಗಳು ಮುಖಕ್ಕೇ ಹೇಳಿಬಿಟ್ಟರು. ಗೋಯೆಂಕಾ ಅವರಿಗೆ ಇನ್ನೊಂದು ಅಳುಕೂ ಇತ್ತು, ತಾನು ಹಿಂದೂ, ಇಲ್ಲಿ ಮತ ಬದಲಾಯಿಸಿಬಿಟ್ಟರೆ ಅಂತ. ಶೀಲ ಪಾಲಿಸೋಕೆ, ಮನಸ್ಸು ಹತೋಟಿಗೆ ತರೋಕೆ ಯಾವ ಧರ್ಮವೂ ಬೇಡ ಅನ್ನಲ್ಲ ಅನ್ನೋದು ಗುರುಗಳ ನಿಲುವು. ಶಿಬಿರಕ್ಕೆ ಕೂತ ಗೋಯೆಂಕಾ ಮುಂದೆ 14 ವರ್ಷ ಅವರ ಹತ್ತಿರವೇ ಕಲಿತರು. ಅಂಗಡಿ, ಮಿಲ್ಲು, ಮಕ್ಕಳು ಎಲ್ಲಾ ಇಟ್ಟುಕೊಂಡೇ.

ತೀರಿಸಬೇಕಿದ್ದ ಸಾಲ

ಬುದ್ಧನ ಧರ್ಮ ಭಾರತದಿಂದ ಬಂದದ್ದು, ಅಶೋಕನ ಕಾಲದಲ್ಲಿ ಸೋಣ, ಉತ್ತರ ಅನ್ನೋ ಇಬ್ಬರು ಭಿಕ್ಷುಗಳು ತಂದದ್ದು ಅಂತ ಬರ್ಮಾದವರ ನಂಬಿಕೆ. ಹುಟ್ಟಿದ ನಾಡಿನಲ್ಲೇ ಮರೆಯಾದ ಆ ವಿದ್ಯೆಯನ್ನು ಬರ್ಮಾ ಕಾಪಾಡಿಕೊಂಡಿದೆ, ಈಗ ಅದನ್ನು ವಾಪಸ್ ಕೊಡಬೇಕು, ಅದು ಭಾರತದ ಸಾಲ ಅಂತ ಊ ಬಾ ಖಿನ್ ಮನಸ್ಸಿನಲ್ಲಿತ್ತು. ತಾವೇ ಬಂದು ಕಲಿಸಬೇಕು ಅನ್ನೋದು ದೊಡ್ಡ ಆಸೆ.

ಆದರೆ 1962ರಲ್ಲಿ ಬರ್ಮಾ ಸೈನ್ಯದ ಆಡಳಿತಕ್ಕೆ ಹೋಯಿತು. ಹೊರಗಿನವರು ಒಳಗೆ ಬರೋದು, ಒಳಗಿನವರು ಹೊರಗೆ ಹೋಗೋದು ಎರಡೂ ಕಷ್ಟವಾಯಿತು. ದೇಶದ ಖಜಾನೆಯ ಲೆಕ್ಕ ನೋಡಿದ ಮನುಷ್ಯನಿಗೆ ಧರ್ಮ ಕಲಿಸೋಕೆ ಅಂತ ಪಾಸ್‌ಪೋರ್ಟ್ ಸಿಗಲಿಲ್ಲ. 1967ರಲ್ಲಿ ಕೊನೆಗೂ ಸರ್ಕಾರಿ ಕೆಲಸದಿಂದ ನಿವೃತ್ತರಾದರು. ಪೂರ್ತಿ ಹೊತ್ತು ಧ್ಯಾನ ಕಲಿಸೋಕೆ ಅವರಿಗೆ ಸಿಕ್ಕಿದ್ದು ಬದುಕಿನ ಕೊನೆಯ ನಾಲ್ಕೇ ವರ್ಷ.

1969ರಲ್ಲಿ ಗೋಯೆಂಕಾ ಅವರಿಗೆ ಭಾರತದಲ್ಲಿದ್ದ ಕಾಯಿಲೆಯ ತಾಯಿಯನ್ನು ನೋಡೋಕೆ ಹೋಗಲು ಅನುಮತಿ ಸಿಕ್ಕಿತು. ಗುರುಗಳು ಅವರಿಗೆ ಕಲಿಸುವ ಅಧಿಕಾರ ಕೊಟ್ಟು, ಈ ಸಾಲ ತೀರಿಸುವ ಹೊಣೆಯನ್ನೂ ಹೊರಿಸಿ ಕಳಿಸಿದರು. ಆ ವರ್ಷದ ಜುಲೈ 3ರಂದು ಬೊಂಬಾಯಿಯ ಒಂದು ಧರ್ಮಶಾಲೆಯಲ್ಲಿ ಮೊದಲ ಶಿಬಿರ. ಕೂತವರು ಹದಿನೈದು ಜನವೂ ಇರಲಿಲ್ಲ. ಅದರಲ್ಲಿ ಗೋಯೆಂಕಾ ಅವರ ಅಪ್ಪ ಅಮ್ಮನೂ ಸೇರಿದ್ದರು. ಸುದ್ದಿ ರಂಗೂನ್ ಮುಟ್ಟಿತು. ಶಿಬಿರದ ಮೇಲೆ ಶಿಬಿರ ಆದದ್ದನ್ನು ಊ ಬಾ ಖಿನ್ ದೂರದಿಂದಲೇ ಕೇಳಿ ಸಂತೋಷಪಟ್ಟರು.

1971ರ ಜನವರಿ 19ರಂದು, ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯಿಂದ ಅವರು ತೀರಿಕೊಂಡರು. 72 ವರ್ಷ ತುಂಬೋಕೆ ಇನ್ನೂ ಒಂದೂವರೆ ತಿಂಗಳಿತ್ತು. ಭಾರತಕ್ಕೆ ಬಂದು ಕಲಿಸುವ ಆಸೆ ಆಸೆಯಾಗಿಯೇ ಉಳಿಯಿತು.

ಇವತ್ತು ಅವರ ಗುರುತು ಎಲ್ಲಿದೆ?

ಸಾಲದ ಕಂತು ಮಾತ್ರ ನಿಲ್ಲಲಿಲ್ಲ. 1976ರಲ್ಲಿ ಮಹಾರಾಷ್ಟ್ರದ ಇಗತ್‌ಪುರಿಯಲ್ಲಿ ಧಮ್ಮಗಿರಿ ಕೇಂದ್ರ ಶುರುವಾಯಿತು. 1994ರಲ್ಲಿ ದೆಹಲಿಯ ತಿಹಾರ್ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಶಿಬಿರಕ್ಕೆ ಕೂತರು. ಗೋಯೆಂಕಾ 2013ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಹತ್ತಾರು ದೇಶಗಳಲ್ಲಿ ಕೇಂದ್ರಗಳಿದ್ದವು. ನಮ್ಮ ಕರ್ನಾಟಕದಲ್ಲೂ ಬೆಂಗಳೂರಿನ ಹೊರವಲಯದ ಆಲೂರಿನಲ್ಲಿ ಧಮ್ಮ ಪಫುಲ್ಲ ಅನ್ನೋ ಕೇಂದ್ರ ಇದೆ.

ಈ ಶಿಬಿರಗಳ ಕ್ರಮ ಬಹುಪಾಲು ಊ ಬಾ ಖಿನ್ ಹಾಕಿಕೊಟ್ಟದ್ದೇ. ಬೆಳಿಗ್ಗೆ 4 ಗಂಟೆಗೆ ಗಂಟೆ ಬಾರಿಸುತ್ತೆ. ದಿನಕ್ಕೆ ಸುಮಾರು 10 ತಾಸು ಧ್ಯಾನ. ಮೊದಲ ಒಂಬತ್ತು ದಿನ ಮೌನ, ಮೊಬೈಲ್ ಕೈಯಲ್ಲಿ ಇರಲ್ಲ. ಫೀಸು ಅಂತ ಇಲ್ಲ. ಹಿಂದೆ ಶಿಬಿರ ಮುಗಿಸಿ ಹೋದವರು ಕೊಟ್ಟ ದಾನದಲ್ಲಿ ಊಟ ವಸತಿ ನಡೆಯುತ್ತೆ. ಹಾಗಂತ ಇದು ಎಲ್ಲರಿಗೂ, ಎಲ್ಲಾ ಕಾಲಕ್ಕೂ ಹೊಂದುತ್ತೆ ಅಂತಲ್ಲ. ತೀವ್ರ ಮಾನಸಿಕ ಕಾಯಿಲೆ ಇರುವವರು ಕೂರಬಾರದು ಅಂತ ಕೇಂದ್ರಗಳೇ ಹೇಳುತ್ತವೆ, ಅರ್ಜಿಯಲ್ಲೇ ಆರೋಗ್ಯದ ವಿವರ ಕೇಳುತ್ತವೆ. ಮುಚ್ಚಿಡದೆ ಬರೆಯೋದು ಒಳ್ಳೆಯದು. ಡಾಕ್ಟರ್ ಕೊಟ್ಟ ಮಾತ್ರೆಗೆ ಇದು ಬದಲಿ ಅಲ್ಲ. ಇದು ಆಸ್ಪತ್ರೆ ಅಲ್ಲ ಅಂತ ಊ ಬಾ ಖಿನ್ ಅಂದೇ ಹೇಳಿದ್ದರಲ್ಲ.

ಹತ್ತು ದಿನ ಅಂಗಡಿ ಬಾಗಿಲು ಹಾಕೋದು ಸುಲಭದ ಮಾತಲ್ಲ. ಗಿರಾಕಿ ಪಕ್ಕದ ಅಂಗಡಿಗೆ ಹೋಗಿಬಿಟ್ಟರೆ ಅನ್ನೋ ಭಯ ಇದ್ದೇ ಇರುತ್ತೆ. 1937ರಲ್ಲಿ ನದಿ ದಾಟಿ ಹೊರಟ ಆ ಗುಮಾಸ್ತನಿಗೂ ಅಂಥದ್ದೇ ಭಯ ಇತ್ತು. ಅವರು ಹೋದರು, ಕಲಿತರು, ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂತು 30 ವರ್ಷ ಲೆಕ್ಕ ಬರೆದರು.